ಡಾಕ್ಟರು ಹೇಳಿದ ನೆರಳು

ಪೀರ್ ಪಾಷಾನನ್ನು ನಾನು ಮೊದಲು ಕಂಡದ್ದು ತಲೆ ಎತ್ತಿ. ೧೯೭೩ರ ಜೂನ್ ತಿಂಗಳ ಮೊದಲ ವಾರ. ಬಾಳೂರಿನ ಶಾಲೆಗೆ ವರ್ಗವಾಗಿ ಬಂದವನು ಬಸ್ಸಿನಿಂದ ಟ್ರಂಕು ಇಳಿಸಿಕೊಂಡು, ತೋಟದ ಬೇಲಿಯ ಪಕ್ಕದ ಬಸರಿ ಮರದ ಕೆಳಗೆ ಕೊಡೆ ಬಿಚ್ಚಿ ನಿಂತಿದ್ದೆನು. ಆಕಾಶದಿಂದ ಒಂದು ಧ್ವನಿ ಬಂದಿತು.

"ಮೇಷ್ಟ್ರೇ, ಅಲ್ಲಿಂದ ಸರೀರಿ! ಕೊಂಬೆಗೆ ಕಣ್ಣಿಲ್ಲ!"

ನೋಡಿದರೆ ಕಾಗೆ ಕೂರಲೂ ಹಿಂಜರಿಯುವಷ್ಟು ಎತ್ತರದಲ್ಲಿ, ಲುಂಗಿಯನ್ನು ಕಾಸೆ ಕಟ್ಟಿಕೊಂಡ ಒಬ್ಬ ತೆಳ್ಳನೆಯ ಯುವಕ, ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದನು. ನಾನು ಗಾಬರಿಯಿಂದ ನಾಲ್ಕು ಮಾರು ದೂರ ಸರಿದು, "ನಾನು ಮೇಷ್ಟ್ರು ಅಂತ ನಿನಗೆ ಹೇಗೆ ಗೊತ್ತಾಯಿತಪ್ಪ?" ಎಂದು ಕೂಗಿ ಕೇಳಿದೆನು.

"ಮಳೆ ಇಲ್ಲ, ಬಿಸಿಲಿಲ್ಲ. ಆದ್ರೂ ಕೊಡೆ ಬಿಚ್ಕೊಂಡು ನಿಲ್ಲೋರು ಇನ್ಯಾರು?"

ಬೇಲಿಯ ಆಚೆ ಯಾರೋ ನಕ್ಕರು. ಅಲ್ಲಿ ಒಬ್ಬ ಹೆಂಗಸು ಚಾಪೆಯ ಮೇಲೆ ಕುಳಿತು, ದಬ್ಬಣದಿಂದ ಗೋಣಿಚೀಲದ ಹರಕು ಹೊಲಿಯುತ್ತಿದ್ದರು. ಹೊಲಿಗೆಯಿಂದ ಕಣ್ಣು ತೆಗೆಯದೆಯೇ ಮೇಲಕ್ಕೆ ಕೂಗಿದರು: "ಪೀರೂ, ನೋಡ್ಕೊಂಡು ಬಿಡು. ಹೋದ ವರ್ಷದ ಮೇಷ್ಟ್ರು ಜಿಗಣೆಗೆ ಹೆದರಿ ಓಡಿಹೋದ್ರು. ಇವರನ್ನಾದ್ರೂ ಉಳಿಸ್ಕೊ."

ಅವರು ಅಖ್ತರ್ ಬಾನು, ಪೀರ್ ಪಾಷಾನ ಅಕ್ಕ. ಊರಿನವರೆಲ್ಲ ಅಖ್ತರಮ್ಮ ಎನ್ನುತ್ತಿದ್ದರು. ಅವನ ಬಾಯಲ್ಲಿ ಮಾತ್ರ ಆಪಾ. ಅವನು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ತಾಯಿ ಹೊಟ್ಟೆ ಊದಿಕೊಂಡು ತೀರಿಹೋದಳಂತೆ. ಅಂದಿನಿಂದ ಅವನನ್ನು ಎತ್ತಿ ಆಡಿಸಿ, ಅನ್ನ ಕಲಸಿ ತಿನ್ನಿಸಿ, ಮುಂದೆ ಗುಲ್ಷನ್ ಎಂಬ ಹುಡುಗಿಯನ್ನು ನೋಡಿ ಮದುವೆ ಮಾಡಿಸಿದವರೂ ಇವರೇ. ತಮ್ಮ ಮದುವೆಯ ವಿಷಯವನ್ನು ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಶಿವಮೊಗ್ಗಕ್ಕೆ ಹೋಗಿ ಬರ್ತೀನಿ ಅಂದ ಮನುಷ್ಯ. ಬಸ್ಸು ಕೆಟ್ಟಿರ್ಬೇಕು, ಇನ್ನೂ ಬಂದಿಲ್ಲ."

ಪೀರ್ ಪಾಷಾನ ಕಸುಬನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಾಫಿ ಗಿಡಕ್ಕೆ ಪೂರ್ತಿ ಬಿಸಿಲು ಒಗ್ಗದು, ಪೂರ್ತಿ ನೆರಳೂ ಒಗ್ಗದು. ಮೇಲಿನ ಮರಗಳ ಕೊಂಬೆಗಳನ್ನು ಅಳತೆ ನೋಡಿ ಸವರಿ, ಕೆಳಗಿನ ಗಿಡಗಳಿಗೆ ಬೆಳಕು ಬಿಡುವ ಕೆಲಸಕ್ಕೆ ನಮ್ಮ ಕಡೆ ಮರಗಸಿ ಎನ್ನುತ್ತಾರೆ. ಪೀರ್ ಪಾಷಾ ಮರಗಸಿಯ ಮೇಸ್ತ್ರಿ. ಕಡಿದ ಕೊಂಬೆಯನ್ನು ದೊಪ್ಪೆಂದು ಬೀಳಿಸಿದರೆ ಕೆಳಗಿನ ಗಿಡಗಳು ಮುರಿಯುತ್ತವೆ. ಅವನು ಕೊಂಬೆಗೆ ಹಗ್ಗ ಬಿಗಿದು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಎರಡು ಸಾಲುಗಳ ನಡುವೆ ಇಳಿಸುತ್ತಿದ್ದನು. ಅವನು ಕೈಯಾಡಿಸಿದ ತೋಟದಲ್ಲಿ ಬಿಸಿಲು ರಂಗೋಲಿಯ ಚುಕ್ಕಿಗಳಂತೆ ನೆಲದ ಮೇಲೆ ಹರಡಿರುತ್ತಿತ್ತು.

ಈ ಕೆಲಸಕ್ಕೆ ಒಂದು ಕಾಲವಿದೆ. ಹಣ್ಣಿನ ಕೊಯ್ಲು ಮುಗಿದು, ಬೇಸಿಗೆಯಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದು, ಮುಂಗಾರು ಹಿಡಿಯುವುದಕ್ಕೆ ಮೊದಲು ಮಾಡಬೇಕು. ಚಳಿಗಾಲದಲ್ಲಿ ಮರಕ್ಕೆ ಕತ್ತಿ ಹಾಕಿದವನನ್ನು ಯಾವ ತೋಟದವರೂ ಮತ್ತೆ ಒಳಗೆ ಸೇರಿಸುವುದಿಲ್ಲ, ಏಕೆಂದರೆ ಮುಂದಿನ ಬೇಸಿಗೆಗೆ ಗಿಡಗಳು ಸುಟ್ಟುಹೋಗುತ್ತವೆ. ಹೀಗಾಗಿ ನಮ್ಮ ಬೆಟ್ಟಗಳಲ್ಲಿ ನೆರಳು ಎಂಬ ಮಾತಿಗೆ ಕೇಡಿನ ಅರ್ಥವೇ ಇಲ್ಲ. ಅದು ತೋಟವನ್ನು ಕಾಯುವ ವಸ್ತು. ಹೆಚ್ಚಾದರೆ ಕಾಲ ನೋಡಿ ಕಡಿಯುವುದು, ಅಷ್ಟೆ.

ಬಾಳೂರಿನಲ್ಲಿ ಒಂಬತ್ತು ವರ್ಷ ಇದ್ದೆನು. ನನ್ನ ಕೊಡೆಯ ಬಟ್ಟೆ ಹರಿದಾಗ ಅಖ್ತರಮ್ಮ ಅದನ್ನು ಸಣಬಿನ ದಾರದಲ್ಲಿಯೇ ಹೊಲಿದು ಕೊಟ್ಟರು. ಮಕ್ಕಳು ಅದಕ್ಕೆ "ಗೋಣಿ ಕೊಡೆ" ಎಂದು ಹೆಸರಿಟ್ಟರು. ರಂಜಾನಿನಲ್ಲಿ ಅವರ ಮನೆಯಿಂದ ಸಿಹಿ ಬರುತ್ತಿತ್ತು. ಯುಗಾದಿಗೆ ನಮ್ಮ ಮನೆಯ ಹೋಳಿಗೆ ಅಲ್ಲಿಗೆ ಹೋಗುತ್ತಿತ್ತು. ಹೋಳಿಗೆಯಲ್ಲಿ ತುಪ್ಪ ಕಡಿಮೆ ಎಂದು ಅಖ್ತರಮ್ಮ ಪ್ರತಿ ವರ್ಷವೂ ತಪ್ಪದೆ ದೂರುತ್ತಿದ್ದರು. ೧೯೮೨ರಲ್ಲಿ ನನಗೆ ಆಲ್ದೂರಿಗೆ ವರ್ಗವಾಯಿತು. ಆಮೇಲೆ ನಮ್ಮ ಭೇಟಿ ಅಪರೂಪವಾಯಿತು.

೧೯೮೫ರ ಮಾರ್ಚ್ ತಿಂಗಳಿನಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಪೀರ್ ಪಾಷಾ ಆಲ್ದೂರಿನ ಶಾಲೆಯ ಜಗಲಿಯ ಮೇಲೆ ಬಂದು ಕುಳಿತಿದ್ದನು.

"ಆಪಾಗೆ ನೆರಳಂತೆ ಮೇಷ್ಟ್ರೇ," ಎಂದನು. "ಕಡಿಸೋ ಕಾಲ ಹತ್ರ ಬಂತು. ಮಂಗಳೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಎಲ್ಲಾ ಇಂಗ್ಲಿಷು. ನೀವೂ ಜೊತೆಗೆ ಬನ್ನಿ."

ನನಗೆ ಏನೊಂದೂ ಅರ್ಥವಾಗಲಿಲ್ಲ. ಕೂರಿಸಿಕೊಂಡು ಕೇಳಿದೆನು.

ನವೆಂಬರಿನಲ್ಲಿ ಅಖ್ತರಮ್ಮನಿಗೆ ಬಲಪಕ್ಕೆಯ ಕೆಳಗೆ ನೋವು ಕಾಣಿಸಿಕೊಂಡಿತಂತೆ. ಮೂಡಿಗೆರೆಯ ಡಾಕ್ಟರು ಮುಟ್ಟಿ ನೋಡಿ ಮಂಗಳೂರಿಗೆ ಬರೆದುಕೊಟ್ಟರಂತೆ. ಅಲ್ಲಿ ಒಂದು ಹೊಸ ಯಂತ್ರ. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಸವರಿ, ಸಾಬೂನಿನಷ್ಟು ದೊಡ್ಡದೊಂದು ವಸ್ತುವನ್ನು ಆಡಿಸಿದರೆ, ಒಳಗಿನದೆಲ್ಲ ಟೀವಿಯಲ್ಲಿ ಕಾಣುತ್ತದೆ. ಅದನ್ನು ನೋಡಿದ ಡಾಕ್ಟರು ಬಹಳ ಒಳ್ಳೆಯವರು. ರೋಗಿಯ ಎದುರಿನಲ್ಲಿಯೇ ನಗುನಗುತ್ತ ಹೇಳಿದರಂತೆ: "ಹೆದರ್ಬೇಡಿ ಮಾರಾಯ್ರೆ. ಲಿವರಿನಲ್ಲಿ ಒಂದು ನೆರಳು ಕಾಣ್ತದೆ. ಒಂದೇ ಕಡೆ ಉಂಟು, ಹರಡಿದ ಹಾಗೆ ಕಾಣುವುದಿಲ್ಲ. ಕತ್ತರಿಸಿ ತೆಗೆಯಬಹುದು. ಈಗ ರಕ್ತ ಕಡಿಮೆ ಉಂಟು, ಸ್ವಲ್ಪ ಬಲ ಬರ್ಲಿ. ಹದಿನೈದು ದಿನ ಬಿಟ್ಟು ಬನ್ನಿ."

"ಹದಿನೈದು ದಿನ ಎಂದರೆ ನವೆಂಬರಿನಲ್ಲಿಯೇ ಅಲ್ಲವೇನಯ್ಯ?" ಎಂದು ಕೇಳಿದೆನು.

ಪೀರ್ ಪಾಷಾ ನಕ್ಕನು. "ನವೆಂಬರಲ್ಲಿ ಯಾರು ನೆರಳು ಕಡೀತಾರೆ ಮೇಷ್ಟ್ರೇ?"

ನಕ್ಕವನು ನನ್ನ ಮುಖ ನೋಡಿ ನಗು ನಿಲ್ಲಿಸಿದನು. ಆಮೇಲೆ ತಡವರಿಸುತ್ತ ಹೇಳಿದನು. ಆಪಾ ಕೂಡ ಹಾಗೆಯೇ ಅಂದಳಂತೆ. ಕೊಯ್ಲಿನ ಕಾಲ, ಎಲ್ಲಾ ತೋಟದ ಚೀಲಗಳೂ ಹೊಲಿಗೆಗೆ ಬಂದು ಬಿದ್ದಿವೆ, ನೆರಳು ತಾನೆ, ಹೂಮಳೆ ಆದಮೇಲೆ ಕಡಿಸಿದರಾಯಿತು ಎಂದಳಂತೆ. ತೋಟದ ಸಾಹುಕಾರರಾದ ಬಸವರಾಜಪ್ಪನವರು, ಮದ್ರಾಸಿನಲ್ಲಿ ಓದಿ ಬಂದವರು, ಅವರೂ ಕೇಳಿ ಸಮಾಧಾನಪಟ್ಟರಂತೆ: "ನೆರಳಾ? ನಾನು ಇನ್ನೇನೋ ಅಂತ ಗಾಬರಿಯಾಗಿದ್ದೆ ಮಾರಾಯ." ಊರಿಗೆ ಊರೇ ಆ ಒಂದು ಮಾತನ್ನು ನೆಚ್ಚಿಕೊಂಡು ನಾಲ್ಕು ತಿಂಗಳು ನಿಶ್ಚಿಂತೆಯಿಂದ ಇದ್ದಿತು.

ಆ ವಾರವೇ ಹೊರಟೆವು. ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತುವಾಗ ಅಖ್ತರಮ್ಮನನ್ನು ನೋಡಿದೆನು. ಕೈಗಳು ದಬ್ಬಣದಷ್ಟು ತೆಳ್ಳಗಾಗಿದ್ದವು. ಕಣ್ಣಿನ ಬಿಳಿ ಹಳದಿಯಾಗಿತ್ತು. ಆದರೆ ಬಾಯಿ ಮಾತ್ರ ಹಾಗೆಯೇ ಇತ್ತು.

"ಮೇಷ್ಟ್ರೇ, ಗೋಣಿ ಕೊಡೆ ಎಲ್ಲಿ?"

"ಮನೆಯಲ್ಲಿದೆ ಅಖ್ತರಮ್ಮ."

"ಹೊಸದು ತಗೊಂಡ್ರಿ ಅನ್ನಿ. ಆಲ್ದೂರಿನ ನೀರು ಕುಡಿದ ಮೇಲೆ ಜನ ಬದಲಾಗ್ತಾರೆ."

ಆಸ್ಪತ್ರೆಯಲ್ಲಿ ಮತ್ತೆ ಆ ಯಂತ್ರದ ಕೆಳಗೆ ಮಲಗಿಸಿದರು. ಈ ಸಲ ಡಾಕ್ಟರು ನಗಲಿಲ್ಲ. ಒಂದೇ ಜಾಗದಲ್ಲಿ ಕೈಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. ಅಖ್ತರಮ್ಮನನ್ನು ದಾದಿಯೊಡನೆ ಹೊರಗೆ ಕಳಿಸಿ, ನಮ್ಮಿಬ್ಬರನ್ನೂ ಕೂರಿಸಿದರು.

ಅವರು ಎರಡು ಚಿತ್ರಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ನವೆಂಬರಿನದು ಎಡಕ್ಕೆ, ಅಂದಿನದು ಬಲಕ್ಕೆ. ನನ್ನ ಕಣ್ಣಿಗೆ ಎರಡೂ ಮಂಜು ಕವಿದ ಬೆಟ್ಟದ ಹಾಗೆಯೇ ಕಂಡವು. ಡಾಕ್ಟರು ಪೆನ್ಸಿಲಿನ ತುದಿಯಿಂದ ತೋರಿಸಿದರು.

"ನೋಡಿ, ಆಗ ಇಲ್ಲಿತ್ತು, ಒಂದು ಮೂಲೆಯಲ್ಲಿ. ಇದು ಲಿವರಿಗೆ ರಕ್ತ ತರುವ ದೊಡ್ಡ ನಾಳ. ಆಗ ಈ ನಾಳ ಖಾಲಿ, ಚೊಕ್ಕ. ಈಗ ನೋಡಿ. ಅದು ನಾಳದ ಒಳಗೆ ಹೊಕ್ಕಿದೆ. ಒಳಗೆ ಹೊಕ್ಕಿತು ಅಂದ್ರೆ ರಕ್ತದ ಜೊತೆ ಎಲ್ಲಾ ಕಡೆ ಹೋಗ್ತದೆ. ಕತ್ತರಿಸುವ ಮೊದಲು ನಾವು ಈ ಚಿತ್ರ ನೋಡುವುದೇ ಇದಕ್ಕೆ. ಹರಡದಿದ್ರೆ ಕತ್ತಿ ಹಾಕ್ತೇವೆ. ಹರಡಿದ್ರೆ ಹಾಕುವುದಿಲ್ಲ."

"ಹಾಕಿ ಡಾಕ್ಟ್ರೇ," ಎಂದನು ಪೀರ್ ಪಾಷಾ. "ಒಂದು ಕೊಂಬೆ ಹೋದ್ರೂ ಮರ ಉಳೀತದೆ. ಅರ್ಧ ತೆಗೀರಿ. ಚಿಗುರ್ತದೆ."

"ಲಿವರು ಚಿಗುರ್ತದೆ, ನೀವು ಹೇಳಿದ್ದು ಸರಿ. ಆದ್ರೆ ಇದು ಕೊಂಬೆಯಲ್ಲಿ ಇಲ್ಲ ಮಾರಾಯ್ರೆ. ಕತ್ತಿ ಹಾಕಿದ್ರೆ ಅವರು ಮೇಜಿನ ಮೇಲೆಯೇ ಹೋಗ್ತಾರೆ."

ಅವನು ಎದ್ದು ನಿಂತನು. ಅಷ್ಟು ವರ್ಷಗಳಲ್ಲಿ ಅವನು ಕೋಪದಿಂದ ಧ್ವನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ.

"ನೀವು ನೆರಳು ಅಂದ್ರಲ್ಲ! ನೆರಳು ಅಂತ ತಾನೆ ಅಂದಿದ್ದು?"

"ಹೌದು. ಚಿತ್ರದಲ್ಲಿ ಕಾಣುವುದಕ್ಕೆ ನಾವು ಹಾಗೇ ಹೇಳುವುದು. ಅವರ ಎದುರಿಗೆ ಕ್ಯಾನ್ಸರ್ ಅಂತ ಹೇಗೆ ಹೇಳುವುದು? ಹೆದರಿ ಅಲ್ಲೇ ಅರ್ಧ ಆಗ್ತಾರೆ."

"ನಮ್ಮ ಕಡೆ ನೆರಳು ಅಂದ್ರೆ..." ಎಂದು ಶುರುಮಾಡಿದವನು ಮಾತು ನಿಲ್ಲಿಸಿ ಕುಳಿತುಬಿಟ್ಟನು. ನಾನೇ ಡಾಕ್ಟರಿಗೆ ಮರಗಸಿಯ ವಿಷಯವನ್ನು ವಿವರಿಸಬೇಕಾಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕರಾವಳಿಯ ಆ ಸಜ್ಜನರಿಗೆ ಇದು ಹೇಗೆ ತಿಳಿಯಬೇಕು? ಹೆದರಿಸಬಾರದೆಂದು ಮೃದುವಾದ ಮಾತನ್ನು ಆರಿಸಿಕೊಂಡಿದ್ದರು. ಮೃದುವಾದ ಮಾತೆಂದೇ ಇವರೂ ನಂಬಿಕೊಂಡಿದ್ದರು.

ಪೀರ್ ಪಾಷಾ ಇನ್ನೊಂದು ಪರೀಕ್ಷೆಯಾದರೂ ಮಾಡಿ ಎಂದು ಅಂಗಲಾಚಿದನು. ಮರುದಿನ ತೊಡೆಯ ಬಳಿಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ, ಔಷಧ ಬಿಟ್ಟು ಎಕ್ಸ್‌ರೇ ತೆಗೆದರು. ಅದರಲ್ಲಿ ಲಿವರಿನ ನಾಳಗಳೆಲ್ಲ ಎಲೆ ಉದುರಿದ ಮರದಂತೆ ಕವಲು ಕವಲಾಗಿ ಮೂಡಿದ್ದವು. ಒಂದು ಕಡೆ ಮಾತ್ರ ಕವಲುಗಳು ಸುರುಳಿ ಸುತ್ತಿಕೊಂಡು ಗೂಡಿನಂತೆ ಇದ್ದವು. ಪೀರ್ ಪಾಷಾ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಎಲ್ಲಿ ಕತ್ತಿ ಹಾಕಿದರೆ ಆದೀತು ಎಂದು ಹುಡುಕುತ್ತಿದ್ದನೋ ಏನೋ. ಕೊನೆಗೆ ಅದನ್ನು ಡಾಕ್ಟರಿಗೆ ಮರಳಿಸಿ, "ನವೆಂಬರಲ್ಲಿ ಬಂದಿದ್ರೆ?" ಎಂದು ಕೇಳಿದನು.

"ಆಗ ಹರಡಿಲ್ಲ ಅಂತ ಚಿತ್ರ ಹೇಳ್ತಿತ್ತು."

"ಅಂದ್ರೆ ಉಳೀತಿದ್ರು."

"ಹಾಗೆ ಹೇಳ್ಲಿಕ್ಕೆ ಬರುವುದಿಲ್ಲ. ಈ ಯಂತ್ರಕ್ಕೆ ಸಾಸಿವೆ ಗಾತ್ರದ್ದು ಕಾಣುವುದಿಲ್ಲ. ಕಾಣದೆ ಆಗಲೇ ಒಳಗೆ ಇದ್ದಿರಬಹುದು. ಇಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ ಪಾಷಾ. ಗೊತ್ತಿದ್ದಿದ್ರೆ ಹೇಳ್ತಿದ್ದೆ."

ಹಿಂದಿರುಗುವಾಗ ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಇಂಜಿನ್ ಕಾದು ನಿಂತಿತು. ಚಾಲಕನು ಒರತೆಯ ನೀರು ತರಲು ಹೋದನು. ಅಖ್ತರಮ್ಮ ಕಿಟಕಿಯ ಪಕ್ಕದಲ್ಲಿ ಕುಳಿತು ಕಣಿವೆಯನ್ನು ನೋಡುತ್ತಿದ್ದವರು, ತಮ್ಮನ ಕಡೆಗೆ ತಿರುಗಿದರು.

"ಯಾಕೋ ಪೀರೂ, ಕಡೀಲೇ ಇಲ್ಲ?"

ಅವನು ಆ ಪ್ರಶ್ನೆಗೆ ಒಂದು ಉತ್ತರವನ್ನು ಮಂಗಳೂರಿನಿಂದಲೇ ಸಿದ್ಧಮಾಡಿಕೊಂಡು ಬಂದಿದ್ದನೆಂದು ತೋರುತ್ತದೆ. ತಕ್ಷಣ ಹೇಳಿದನು: "ಮಳೆಗಾಲ ಕಳೀಲಿ ಅಂದ್ರು ಆಪಾ. ಆಮೇಲೆ ಕಡೀತಾರಂತೆ."

ಅಖ್ತರಮ್ಮ ಅವನನ್ನೇ ನೋಡಿದರು. "ಮಳೆ ಕಳೆದ ಮೇಲಾ? ಮಳೆಗೆ ಮುಂಚೆ ಅಲ್ವೇನೋ ಕಡಿಯೋದು?"

ಅವನು ಇಡೀ ಜನ್ಮ ಮಾಡಿದ ಕೆಲಸದ ಬಗ್ಗೆಯೇ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದನು. ಅಖ್ತರಮ್ಮ ಸೆರಗಿನಿಂದ ಅವನ ಮುಖದ ಬೆವರು ಒರೆಸಿದರು.

"ಮಂಗಳೂರಿನವ್ರಿಗೆ ಕಾಲ ಗೊತ್ತಾಗಲ್ಲ ಬಿಡು," ಎಂದರು. "ಅಲ್ಲಿ ಮರ ಅಂದ್ರೆ ತೆಂಗು ಒಂದೇ. ಅದಕ್ಕೆ ಕೊಂಬೆ ಎಲ್ಲಿದೆ?"

ಆಮೇಲೆ ಆ ವಿಷಯವನ್ನು ಅವರು ಯಾರೊಡನೆಯೂ ಎತ್ತಲಿಲ್ಲ. ಡಾಕ್ಟರನ್ನು ಕುರಿತು ಒಂದು ಕಟು ಮಾತನ್ನೂ ಆಡಲಿಲ್ಲ. ನಾನು ಭಾನುವಾರಗಳಲ್ಲಿ ಬಾಳೂರಿಗೆ ಹೋಗಿ ಬರುತ್ತಿದ್ದೆನು. ಹೋದಾಗಲೆಲ್ಲ ಪೀರ್ ಪಾಷಾ ಒಂದಲ್ಲ ಒಂದು ಔಷಧದ ಹಿಂದೆ ಓಡುತ್ತಿದ್ದನು. ಕಳಸದ ಕಡೆಯ ನಾಟಿ ವೈದ್ಯರ ಬೇರು, ಬಾಬಾಬುಡನ್‌ಗಿರಿಯ ಗುಹೆಯ ನೀರು, ಅತ್ತಿಗುಂಡಿಯ ಯಾರೋ ಕೊಟ್ಟ ಕಹಿ ಎಲೆ. ಅಖ್ತರಮ್ಮ ಎಲ್ಲವನ್ನೂ ಬೇಡವೆನ್ನದೆ ಕುಡಿಯುತ್ತಿದ್ದರು. ಅವನು ಅತ್ತ ಹೋದಾಗ ನನಗೆ ಕಣ್ಣು ಮಿಟುಕಿಸಿ, "ಕುಡೀದಿದ್ರೆ ಅವನಿಗೆ ನಿದ್ದೆ ಬರಲ್ಲ ಮೇಷ್ಟ್ರೇ," ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಅವನು ಮರಗಸಿ ಹಿಡಿಯಲಿಲ್ಲ. ಹೂಮಳೆ ಬಿದ್ದಿತು, ತೋಟಗಳಲ್ಲಿ ಕಾಫಿ ಹೂವಿನ ಘಮ ತುಂಬಿತು, ಬಸವರಾಜಪ್ಪನವರು ಎರಡು ಸಲ ಜನ ಕಳಿಸಿದರು. ಅವನು ಹೋಗಲಿಲ್ಲ. ಅಕ್ಕನ ಮಂಚದ ಪಕ್ಕದಲ್ಲಿ ಕುಳಿತು ಅವರ ಊದಿದ ಕಾಲುಗಳನ್ನು ಒತ್ತುತ್ತಿದ್ದನು. ಒತ್ತಿದರೆ ಊತ ಇಳಿಯುವುದಿಲ್ಲವೆಂದು ಗುಲ್ಷನ್ ಹೇಳಿದರೂ ಬಿಡುತ್ತಿರಲಿಲ್ಲ. ಅವನ ಕೈಗೆ ಬೇರೆ ಕೆಲಸವಿರಲಿಲ್ಲ.

ಮುಂಗಾರು ಹಿಡಿದ ಮೇಲೆ, ಜುಲೈ ತಿಂಗಳಿನಲ್ಲಿ ಅಖ್ತರಮ್ಮ ತೀರಿಕೊಂಡರು.

ಊರಿನವರು ಪೀರ್ ಪಾಷಾನನ್ನು ದೂರಲಿಲ್ಲ. ಅವರೆಲ್ಲರೂ ಅವನಂತೆಯೇ ಕೇಳಿಸಿಕೊಂಡವರು. ಗುಲ್ಷನ್ ಮಾತ್ರ ಒಮ್ಮೆ ನನ್ನೊಡನೆ ಹೇಳಿದಳು: "ಯಾರಾದ್ರೂ ಬೈದಿದ್ರೆ ಒಳ್ಳೇದಿತ್ತು ಮೇಷ್ಟ್ರೇ. ಎಲ್ಲಾ ಸಮಾಧಾನ ಹೇಳ್ತಾರೆ. ಅದನ್ನ ಕೇಳಿ ನಮ್ಮನೆಯವ್ರು ಇನ್ನೂ ಒಳಗೊಳಗೇ ಕುಗ್ತಾರೆ."

ಮುಂದಿನ ವರ್ಷ ಮಂಗಳೂರಿನ ಡಾಕ್ಟರಿಂದ ಅವನಿಗೆ ಕರೆ ಬಂದಿತು. ತಾಯಿಗೂ ಹೊಟ್ಟೆ ಊದಿ ಸಾವು, ಅಕ್ಕನಿಗೂ ಇದೇ ಕಾಯಿಲೆ. ಕೆಲವು ಬಗೆಯ ಕಾಮಾಲೆಯ ವಿಷ ತಾಯಿಯಿಂದ ಮಕ್ಕಳಿಗೆ ಇಳಿಯುವುದುಂಟು, ಆದ್ದರಿಂದ ಅವನ ರಕ್ತವನ್ನೂ ನೋಡಬೇಕು ಎಂದಿದ್ದರು. ನೋಡಿದರು. ಅವನಲ್ಲಿಯೂ ಅದು ಇತ್ತು. ಹೆದರಿಸುವಂಥದ್ದೇನೂ ಈಗಿಲ್ಲ, ಆದರೆ ವರ್ಷಕ್ಕೊಮ್ಮೆ ತಪ್ಪದೆ ಬಂದು ಚಿತ್ರ ತೆಗೆಸಿಕೊಳ್ಳಬೇಕು ಎಂದರು. ಈ ಸಲ ಅವರು ಮೃದುವಾದ ಮಾತನ್ನು ಹುಡುಕಲಿಲ್ಲವಂತೆ. ಕ್ಯಾನ್ಸರ್ ಎಂಬ ಶಬ್ದವನ್ನು ಅವನ ಕಿವಿಗೆ ಬೀಳುವ ಹಾಗೆ ಬಿಡಿಸಿ ಹೇಳಿ, ಅವನ ಬಾಯಿಂದಲೂ ಹೇಳಿಸಿದರಂತೆ.

ಅಂದಿನಿಂದ ಅವನು ಪ್ರತಿ ವರ್ಷ ಹೋಗುತ್ತಾನೆ. ನಾನು ನಿವೃತ್ತನಾಗಿ ಆಲ್ದೂರಿನಲ್ಲಿಯೇ ನೆಲೆಸಿದ್ದೇನೆ. ಮಂಗಳೂರಿನಿಂದ ಬಂದ ವಾರದಲ್ಲಿ ಅವನು ನಮ್ಮ ಮನೆಗೂ ಬಂದು ಹೋಗುವುದು ರೂಢಿಯಾಗಿದೆ. ಮೊನ್ನೆಯೂ ಬಂದಿದ್ದನು. ಕೂದಲು ನರೆತಿದೆ. ಮೈ ಗಟ್ಟಿಯಾಗಿಯೇ ಇದೆ.

"ಏನೆಂದರು?" ಎಂದು ಕೇಳಿದೆನು.

"ಏನೂ ಕಾಣಲ್ಲ ಅಂದ್ರು."

"ದೇವರು ದೊಡ್ಡವನು. ಒಳ್ಳೆಯದಾಯಿತಲ್ಲ."

"ಒಳ್ಳೇದೇ." ಅವನು ಕಾಫಿಯ ಲೋಟವನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡಿದ್ದನು. "ಮೇಷ್ಟ್ರೇ, ಒಂದು ಕೇಳ್ಲಾ? ಚಿತ್ರದಲ್ಲಿ ಏನೂ ಇಲ್ಲ ಅಂದಮೇಲೂ ನಂಗೆ ಬಂತು ಅಂತಿಟ್ಕೊಳ್ಳಿ. ಆಗ ಆ ಯಂತ್ರದ ಮಾತು ಸುಳ್ಳು ಅಂತಾಯ್ತಲ್ವಾ?"

"ಹಾಗೆಲ್ಲ ಯಾಕೆ ಯೋಚಿಸುತ್ತೀಯ?"

"ಅಲ್ಲ, ಕೇಳಿ. ನಂದು ಸುಳ್ಳಾದ್ರೆ ಆಪಾನ ನವೆಂಬರಿನ ಚಿತ್ರಾನೂ ಸುಳ್ಳಿರಬೋದು. ಹರಡಿಲ್ಲ ಅಂದಿದ್ದು ಸುಳ್ಳು. ಆಗ್ಲೇ ಹರಡಿತ್ತು. ಆಪಾ ಹೋಗಿದ್ದು ನಾನು ತಡ ಮಾಡಿದ್ರಿಂದ ಅಲ್ಲ."

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವನು ನಾನು. ಕಾಫಿ ಆರುತ್ತದೆ, ಕುಡಿ ಎಂದೆನು. ಅವನು ಕುಡಿದನು.

ಈಗ ಅವನು ಕಳಸದ ಹತ್ತಿರದ ಒಂದು ತೋಟದಲ್ಲಿ ಕೆಲಸ ಹಿಡಿದಿದ್ದಾನೆ. ಮಳೆ ಹಿಡಿಯುವುದರೊಳಗೆ ಮುಗಿಸಬೇಕಂತೆ. ಬೆಳಗಿನ ಜೀಪಿನಲ್ಲಿ ಹೋಗಿ ಸಂಜೆಯ ಬಸ್ಸಿಗೆ ಬಾಳೂರಿಗೆ ಬರುತ್ತಾನೆ. ಗುಲ್ಷನ್ ಹೇಳುವ ಪ್ರಕಾರ, ಊಟ ಚೆನ್ನಾಗಿ ಮಾಡುತ್ತಾನೆ, ಮಾತು ಕಡಿಮೆ. ಆಗಾಗ ಬಲಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿಕೊಳ್ಳುತ್ತಾನೆ. ನೋವಿದೆಯೇ ಎಂದು ಅವಳು ಕೇಳಿದರೆ, ಇಲ್ಲ ಎನ್ನುತ್ತಾನೆ.